ಶೇ 50 ಅಂಕ ಬಿದ್ದ ಸಿನಿಮಾವನ್ನು ಶಾಲೆಯಲ್ಲಿ ತೋರಿಸಬಹುದೇ?

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 8ರಿಂದ 10ನೇ ತರಗತಿವರೆಗೆ 60 ಮಕ್ಕಳಿದ್ದಾರೆ, ಅರ್ಧದಷ್ಟು ಮಂದಿ ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವವರು. 2018ರ ಭೂಕುಸಿತದ ಸಮಯದಲ್ಲಿ ಇವರೆಲ್ಲ ತೀರಾ ಚಿಕ್ಕವರು, ಆದರೆ ಮನೆಯಲ್ಲಿ ಅದೇ ಮಾತು ಕೇಳಿ ಬೆಳೆದಿದ್ದಾರೆ. 2024ರ ವಯನಾಡಿನ ವೀಡಿಯೋಗಳನ್ನು ಫೋನಿನಲ್ಲಿ ಮತ್ತೆ ಮತ್ತೆ ನೋಡಿದ್ದಾರೆ. ಮಳೆ ಜೋರಾದರೆ ‘ಟೀಚರ್, ನಮ್ಮ ಊರೂ ಹೋಗ್ತದಾ?’ ಎಂದು ಕೇಳುತ್ತಾರೆ. ಭರವಸೆ ಕೊಡುವ ಒಂದು ವಿಜ್ಞಾನದ ಸಿನಿಮಾ ತೋರಿಸೋಣ ಎಂದು ‘ಟುಮಾರೋಲ್ಯಾಂಡ್’ ಆರಿಸಿದ್ದೆ. ಸಹೋದ್ಯೋಗಿಯೊಬ್ಬರು ಅಂತರ್ಜಾಲದಲ್ಲಿ ಶೇ 50 ಅಂಕ ತೋರಿಸಿ, ‘ವಿಮರ್ಶಕರೇ ಬೇಡ ಅಂದದ್ದನ್ನು ಮಕ್ಕಳಿಗೆ ಯಾಕೆ ತೋರಿಸ್ತೀರಿ, ದುಡ್ಡೂ ಮಾಡಿಲ್ಲವಂತೆ’ ಎನ್ನುತ್ತಿದ್ದಾರೆ. ತೋರಿಸಲೋ ಬೇಡವೋ? ಮಳೆಗಾಲದಲ್ಲಿ ನಮ್ಮ ಸಭಾಂಗಣದಲ್ಲಿ ಇದು ಸಾಧ್ಯವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸಿನಿಮಾ ಚೆನ್ನಾಗಿಲ್ಲದಿದ್ದರೆ ಮಕ್ಕಳ ಎರಡು ಗಂಟೆ ದಂಡವಾಗುತ್ತದೆಯೇ ಎಂಬುದು ಒಂದು. ಹೆದರಿದ ಮಕ್ಕಳಿಗೆ ಅದು ಧೈರ್ಯ ಕೊಡುತ್ತದೆಯೋ, ಇದ್ದ ಹೆದರಿಕೆಯನ್ನು ಕೆದಕುತ್ತದೆಯೋ ಎಂಬುದು ಎರಡನೆಯದು. ಮೂರನೆಯದು ಪ್ರೊಜೆಕ್ಟರ್, ಕರೆಂಟು, ಮಳೆಯ ಸದ್ದು. ಶೇ 50 ಎಂಬ ಅಂಕಿಗೆ ಮೊದಲನೆಯ ಪ್ರಶ್ನೆಯೊಂದಿಗೆ ಮಾತ್ರ ಸಂಬಂಧ, ಅದೂ ಸ್ವಲ್ಪವೇ.

ಅಂಕಿಯಿಂದಲೇ ಶುರು ಮಾಡೋಣ. ನಿಮ್ಮ ಸಹೋದ್ಯೋಗಿ ಅದನ್ನು ಪರೀಕ್ಷೆಯ ಅಂಕದ ಹಾಗೆ, ನೂರಕ್ಕೆ ಐವತ್ತು ಎಂದು ಓದುತ್ತಿದ್ದಾರೆ. ‘ರಾಟನ್ ಟೊಮೇಟೋಸ್’ ಎಂಬ ತಾಣ ಕೊಡುವ ಶೇಕಡಾವಾರು ಅಂಕವಲ್ಲ, ತಲೆಎಣಿಕೆ. ಪ್ರತಿ ವಿಮರ್ಶೆಯನ್ನು ‘ಮೆಚ್ಚಿದೆ’ ಅಥವಾ ‘ಮೆಚ್ಚಿಲ್ಲ’ ಎಂದು ಎರಡೇ ಬುಟ್ಟಿಗೆ ಹಾಕಿ, ನೂರರಲ್ಲಿ ಎಷ್ಟು ಮಂದಿ ಮೆಚ್ಚಿದರು ಎಂದು ಹೇಳುತ್ತದೆ. ಶೇ 60 ಅಥವಾ ಅದಕ್ಕಿಂತ ಮೇಲಾದರೆ ಕೆಂಪು ಟೊಮೇಟೊ, ಅದಕ್ಕಿಂತ ಕೆಳಗಾದರೆ ಹಸಿರು ಕಲೆ. ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಹಾಕಿ ನೋಡಿ. ಹತ್ತು ವಿಮರ್ಶಕರು ಒಂದು ಸಿನಿಮಾಕ್ಕೆ ಹತ್ತರಲ್ಲಿ ತಲಾ 6 ಕೊಟ್ಟು ‘ಪರವಾಗಿಲ್ಲ, ನೋಡಬಹುದು’ ಎಂದರೆ ಅದಕ್ಕೆ ಶೇ 100 ಸಿಗುತ್ತದೆ. ಇನ್ನೊಂದಕ್ಕೆ ಐವರು 9 ಕೊಟ್ಟು, ಐವರು 4 ಕೊಟ್ಟರೆ ಸಿಗುವುದು ಶೇ 50. ಸರಾಸರಿ ತೆಗೆದರೆ ಮೊದಲನೆಯದು 6, ಎರಡನೆಯದು 6.5! ಯಾರಿಗೂ ಬೇಸರ ಮಾಡದ ಸಾಧಾರಣ ಚಿತ್ರ ಮೇಲೇರುತ್ತದೆ, ಜಗಳ ಹುಟ್ಟಿಸುವ ಚಿತ್ರ ಕೆಳಗಿಳಿಯುತ್ತದೆ.

‘ಮೆಟಾಕ್ರಿಟಿಕ್’ ಎಂಬ ಇನ್ನೊಂದು ತಾಣ ನಿಜವಾದ ಸರಾಸರಿ ತೆಗೆಯುತ್ತದೆ, ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ ಕೊಡುತ್ತದೆ. ಅಲ್ಲಿ ಇದೇ ಚಿತ್ರಕ್ಕೆ 60. ಅಲ್ಲಿನ ಕ್ರಮದಲ್ಲಿ 61ರಿಂದ ಮೇಲೆ ‘ಒಟ್ಟಾರೆ ಮೆಚ್ಚುಗೆ’, 40ರಿಂದ 60ರವರೆಗೆ ‘ಮಿಶ್ರ’. ಅಂದರೆ ಒಂದು ಅಂಕದಿಂದ ತಪ್ಪಿದ ಚಿತ್ರ ಇದು. ಅಮೆರಿಕದ ಚಿತ್ರಮಂದಿರಗಳಲ್ಲಿ ಮೊದಲ ದಿನದ ಪ್ರೇಕ್ಷಕರಿಂದ ಚೀಟಿ ತುಂಬಿಸಿಕೊಳ್ಳುವ ‘ಸಿನಿಮಾಸ್ಕೋರ್’ ಇದಕ್ಕೆ ‘ಬಿ’ ಶ್ರೇಣಿ ಕೊಟ್ಟಿತು. ದುಡ್ಡು ಕೊಟ್ಟು, ಆಸೆಪಟ್ಟು, ಮೊದಲ ದಿನವೇ ಬಂದವರು ಸಾಮಾನ್ಯವಾಗಿ ಧಾರಾಳವಾಗಿ ಅಂಕ ಹಾಕುತ್ತಾರೆ. ಹಾಗಾಗಿ ಮನೆಮಂದಿಯೆಲ್ಲ ನೋಡುವ ಚಿತ್ರಕ್ಕೆ ‘ಬಿ’ ಎಂದರೆ ಪ್ರೇಕ್ಷಕರೂ ಪೂರ್ತಿ ತೃಪ್ತರಾಗಲಿಲ್ಲ ಎಂದೇ ಅರ್ಥ. ಇದನ್ನು ಮುಚ್ಚಿಡುವುದು ಬೇಡ.

ದುಡ್ಡಿನ ಮಾತನ್ನು ಬೇಗ ಮುಗಿಸಬಹುದು. 2015ರ ಮೇ 22ರಂದು ಅಮೆರಿಕದಲ್ಲಿ ತೆರೆಕಂಡ ಈ ಚಿತ್ರಕ್ಕೆ ಸುಮಾರು 18ರಿಂದ 19 ಕೋಟಿ ಡಾಲರ್ ಖರ್ಚಾಗಿತ್ತು, ಜಗತ್ತಿನಾದ್ಯಂತ ಬಂದದ್ದು ಸುಮಾರು 21 ಕೋಟಿ. ಚಿತ್ರಮಂದಿರಗಳ ಪಾಲು, ಪ್ರಚಾರದ ಖರ್ಚು ಕಳೆದರೆ ದೊಡ್ಡ ನಷ್ಟವೇ. ಆದರೆ ಇದರ ನಿರ್ದೇಶಕ ಬ್ರಾಡ್ ಬರ್ಡ್ ಅವರ ಮೊದಲ ಚಿತ್ರ ‘ದಿ ಐರನ್ ಜೈಂಟ್’ ಕೂಡ 1999ರಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಸೋತಿತ್ತು. ವಿಮರ್ಶಕರು ಅದನ್ನು ಹೊಗಳಿದ್ದರು, ಮಕ್ಕಳಿಗೆ ತೋರಿಸಬೇಕಾದ ಚಿತ್ರಗಳ ಸಾಲಿನಲ್ಲಿ ಅದು ಇಂದಿಗೂ ಇದೆ. ಗಳಿಕೆಯ ಲೆಕ್ಕ ನಿರ್ಮಾಪಕರಿಗೆ ಇರಲಿ.

‘ವಿಮರ್ಶಕರಿಗೆ ಆಶಾವಾದ ಎಂದರೆ ಆಗುವುದಿಲ್ಲ, ಕತ್ತಲೆಯ ಕಥೆಗಳೇ ಬೇಕು’ ಎಂಬ ಮಾತನ್ನೂ ಈ ಚಿತ್ರದ ಅಭಿಮಾನಿಗಳಿಂದ ನೀವು ಕೇಳಬಹುದು. ಒಂದು ವಾರ ಮೊದಲು ಬಂದ, ಹಾಳುಬಿದ್ದ ಜಗತ್ತಿನ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ಗೆ ಅದೇ ವಿಮರ್ಶಕರು ಜೈ ಎಂದದ್ದನ್ನು ಇದಕ್ಕೆ ಸಾಕ್ಷಿಯಾಗಿ ಕೊಡುತ್ತಾರೆ. ಆದರೆ ಅದೇ ವರ್ಷ ಬಂದ ‘ದಿ ಮಾರ್ಷಿಯನ್’ ಆರಂಭದಿಂದ ಕೊನೆವರೆಗೆ ‘ಲೆಕ್ಕ ಹಾಕಿದರೆ ಬದುಕಬಹುದು’ ಎನ್ನುವ ಚಿತ್ರ. ಅದಕ್ಕೆ ಶೇ 90ಕ್ಕೂ ಹೆಚ್ಚು ಮೆಚ್ಚುಗೆ ಸಿಕ್ಕಿತು. ಹಾಗಾದರೆ ಜಗಳ ಆಶಾವಾದದ ಮೇಲಲ್ಲ, ಆ ಆಶಾವಾದವನ್ನು ಹೇಳಿದ ರೀತಿಯ ಮೇಲೆ.

ಮಿಶ್ರ ವಿಮರ್ಶೆ ಎದುರಾದಾಗ ನೋಡಬೇಕಾದ್ದು ಒಂದೇ: ಎರಡು ಗುಂಪಿನವರು ನೋಡಿದ್ದು ಒಂದೇ ಚಿತ್ರವೋ, ಬೇರೆ ಬೇರೆಯೋ? ಹೊಗಳಿದವರ ನಾಲ್ಕು, ತೆಗಳಿದವರ ನಾಲ್ಕು ವಿಮರ್ಶೆ ಓದಿ, ಒಳ್ಳೆಯದಾಯಿತು ಎಂದ ದೃಶ್ಯ, ಹಾಳಾಯಿತು ಎಂದ ದೃಶ್ಯ ಎರಡನ್ನೂ ಗುರುತು ಹಾಕಿಕೊಳ್ಳಿ. ‘ಟುಮಾರೋಲ್ಯಾಂಡ್’ ವಿಷಯದಲ್ಲಿ ಎರಡೂ ಕಡೆಯವರ ಗುರುತು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುತ್ತದೆ. ಕಣ್ಣಿಗೆ ಹಬ್ಬ, ಅಥೀನಾ ಪಾತ್ರದ ಹುಡುಗಿ ರಾಫಿ ಕ್ಯಾಸಿಡಿ ಸೊಗಸಾಗಿ ನಟಿಸಿದ್ದಾಳೆ, ಮೊದಲರ್ಧ ಕುತೂಹಲ ಕಾಯುತ್ತದೆ, ಕೊನೆಯ ಭಾಗ ಭಾಷಣವಾಗುತ್ತದೆ. ಇಷ್ಟನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಮೊದಲರ್ಧಕ್ಕಾಗಿ ಕೊನೆಯದನ್ನು ಕ್ಷಮಿಸಿದವರು ಒಂದು ಕಡೆ, ಕ್ಷಮಿಸದವರು ಇನ್ನೊಂದು ಕಡೆ. ನಿಮಗೆ ಇದು ಒಳ್ಳೆಯ ಸುದ್ದಿ. ದೋಷ ಎಲ್ಲಿದೆ ಎಂದು ಗೊತ್ತಾದರೆ ಅದನ್ನು ಸುಧಾರಿಸಿಕೊಂಡು ತೋರಿಸಬಹುದು. ಚಿತ್ರದುದ್ದಕ್ಕೂ ಹರಡಿದ ದೋಷಕ್ಕೆ ಮದ್ದಿಲ್ಲ.

ದೋಷ ಹುಟ್ಟಿದ್ದು ಹೀಗೆ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಫ್ರಾಂಕ್ ಎಂಬ ಹುಡುಗ ತಾನೇ ಮನೆಯಲ್ಲಿ ಮಾಡಿದ ಹಾರುವ ಯಂತ್ರವನ್ನು ಬೆನ್ನಿಗೆ ಹೊತ್ತು ಬರುತ್ತಾನೆ, ಅಥೀನಾ ಅವನಿಗೆ ಬ್ಯಾಡ್ಜಿನಂಥ ಒಂದು ಪುಟ್ಟ ಪಿನ್ನು ಕೊಡುತ್ತಾಳೆ. ಕಥೆ ಅಲ್ಲಿಂದ ನಮ್ಮ ಕಾಲಕ್ಕೆ ಹಾರುತ್ತದೆ. ಕೇಸಿ ಎಂಬ ಹುಡುಗಿ, ಅವಳ ಅಪ್ಪ ನಾಸಾದ ಎಂಜಿನಿಯರ್. ಅವಳ ಕೈಗೂ ಪಿನ್ನು ಬರುತ್ತದೆ. ಮುಟ್ಟಿದರೆ ಸಾಕು, ಸುತ್ತಲಿನ ಗೋಡೆ ಮಾಯವಾಗಿ ಗೋಧಿಯ ಹೊಲ, ಅದರಾಚೆ ಹೊಳೆಯುವ ನಗರ. ಅಷ್ಟರಲ್ಲಿ ಪಿನ್ನಿನ ಶಕ್ತಿ ಮುಗಿಯುತ್ತದೆ, ಹುಡುಗಿ ನಿಂತಿರುವುದು ಕೆಸರುನೀರಿನಲ್ಲಿ. ಪ್ರೇಕ್ಷಕರಿಗೆ ಕೊಟ್ಟ ಮಾತು ಈ ದೃಶ್ಯ. ಇದಾದ ಮೇಲೆ ಆ ನಗರವನ್ನು ಇದೇ ಬೆರಗಿನಿಂದ ಚಿತ್ರ ಮತ್ತೆ ತೋರಿಸುವುದೇ ಇಲ್ಲ. ಜಾರ್ಜ್ ಕ್ಲೂನಿ ಮಾಡಿದ ದೊಡ್ಡವನಾದ ಫ್ರಾಂಕ್‌ನನ್ನು ಹುಡುಕುತ್ತಾ, ಓಡುತ್ತಾ ಬಹಳ ಹೊತ್ತು ಕಳೆಯುತ್ತದೆ. ನಗರ ತಲುಪುವ ಹೊತ್ತಿಗೆ ಅದು ಪಾಳು ಬಿದ್ದಿದೆ. ಪ್ರಚಾರದಲ್ಲೂ ಕಥೆಯನ್ನು ಗುಟ್ಟಾಗಿಟ್ಟದ್ದರಿಂದ ಜನ ಆ ನಗರ ನೋಡಲೆಂದೇ ಬಂದಿದ್ದರು. ಕೊನೆಗೆ ನಿಕ್ಸ್ ಎಂಬ ಆಡಳಿತಗಾರ ನಿಂತು ಇಡೀ ಚಿತ್ರದ ಸಂದೇಶವನ್ನು ಬಾಯಲ್ಲೇ ಹೇಳಿಬಿಡುತ್ತಾನೆ. ಗೋಧಿ ಹೊಲ ಮಾತಿಲ್ಲದೆ ತಲುಪಿಸಿದ್ದನ್ನು ಭಾಷಣ ಮತ್ತೆ ಕೈಹಿಡಿದು ತೋರಿಸುತ್ತದೆ. ತೆಗಳಿದ ವಿಮರ್ಶಕರ ಈ ದೂರು ನ್ಯಾಯವಾದದ್ದೇ.

ನಿಮ್ಮ ಎರಡನೆಯ ಆತಂಕಕ್ಕೂ ಆ ಭಾಷಣಕ್ಕೂ ನೇರ ಸಂಬಂಧವಿದೆ. ನಿಕ್ಸ್‌ನ ಬಳಿ ಭವಿಷ್ಯದ ವಿನಾಶವನ್ನು ತೋರಿಸುವ ಒಂದು ಯಂತ್ರವಿದೆ. ಜನ ಹೆದರಿ ತಿದ್ದಿಕೊಳ್ಳಲಿ ಎಂದು ಆ ಚಿತ್ರಗಳನ್ನು ಭೂಮಿಯವರ ಮನಸ್ಸಿಗೆ ಬಿಟ್ಟರೆ, ಜನ ಅದನ್ನು ಸಿನಿಮಾ, ಆಟ ಮಾಡಿಕೊಂಡು ಸವಿದರು, ತಿದ್ದಿಕೊಳ್ಳಲಿಲ್ಲ ಎಂಬುದು ಅವನ ದೂರು. ಆ ಯಂತ್ರವೇ ವಿನಾಶವನ್ನು ಹತ್ತಿರ ತರುತ್ತಿದೆ, ಅದನ್ನು ಒಡೆಯಬೇಕು ಎಂಬುದು ಕೇಸಿಯ ತೀರ್ಮಾನ. ಪ್ರವಾಹ, ಬೆಂಕಿ, ಕುಸಿಯುವ ನಗರಗಳು ಇಲ್ಲಿ ತೆರೆಯ ಮೇಲೆ ಬರುತ್ತವೆ. 2018ರಲ್ಲಿ ಗುಡ್ಡ ಕುಸಿದ ಮಕ್ಕಂದೂರು, ಜೋಡುಪಾಲದ ಕಥೆ ಕೇಳಿ ಬೆಳೆದವರು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಗುಡ್ಡ ಜಾರಿದ ಸುದ್ದಿ ಕೇಳಿದವರು ಇದನ್ನು ಬೇರೆ ಊರಿನ ಮಕ್ಕಳ ಹಾಗೆ ನೋಡುವುದಿಲ್ಲ. ಈ ದೃಶ್ಯ ಬರುತ್ತದೆ ಎಂದು ಮೊದಲೇ ಹೇಳಿ. ಮನೆ ಕಳೆದುಕೊಂಡ ಕುಟುಂಬದ ಮಗು ತರಗತಿಯಲ್ಲಿದ್ದರೆ ಹಿಂದಿನ ದಿನವೇ ಒಬ್ಬೊಬ್ಬರನ್ನೇ ಕರೆದು ಮಾತಾಡಿ. ಬೇಡವೆನಿಸಿದರೆ ಎದ್ದು ಹೊರಗೆ ಬರಬಹುದು, ಜಗಲಿಯಲ್ಲಿ ಒಬ್ಬರು ಟೀಚರ್ ಇರುತ್ತಾರೆ ಎಂಬುದು ಅವರಿಗೆ ಗೊತ್ತಿರಲಿ.

ಚಿತ್ರದ ವಾದ ಅರ್ಧ ಸರಿ, ಅರ್ಧ ತಪ್ಪು. ಮಾಡಲು ಏನೂ ಕೊಡದೆ ಬರೀ ಹೆದರಿಸಿದರೆ ಮನುಷ್ಯ ಕೈಚೆಲ್ಲುತ್ತಾನೆ ಎಂಬುದು ಸರಿ. ನಿಮ್ಮ ಮಕ್ಕಳು ಫೋನಿನಲ್ಲಿ ಗುಡ್ಡ ಜಾರುವ ವೀಡಿಯೋ ನೋಡುತ್ತಾ ಕೂರುವುದೂ ಅದೇ. ಆದರೆ ‘ಕೆಟ್ಟ ಸುದ್ದಿ ಹೇಳುವುದನ್ನು ನಿಲ್ಲಿಸಿದರೆ ಕೆಟ್ಟದ್ದೇ ನಿಲ್ಲುತ್ತದೆ’ ಎಂದು ಮಗು ತಿಳಿದುಕೊಂಡರೆ ಅದು ಕೊಡಗಿನಲ್ಲಿ ಅಪಾಯದ ಪಾಠ. ರೆಡ್ ಅಲರ್ಟ್ ಬಂದ ದಿನ ಗುಡ್ಡದ ಬುಡದ ಮನೆಯಿಂದ ಏಳುವುದೇ ಸರಿ. ಕೆಲವು ವಿಮರ್ಶಕರು ‘ಚಿತ್ರ ಎಚ್ಚರಿಸುವವರನ್ನೇ ದೂರುತ್ತದೆ’ ಎಂದದ್ದು ಇದಕ್ಕೇ. ಈ ವ್ಯತ್ಯಾಸವನ್ನು ನೀವು ಬಾಯಿಬಿಟ್ಟು ಹೇಳಲೇಬೇಕು, ಚಿತ್ರ ಹೇಳುವುದಿಲ್ಲ.

ಹೇಳುವುದಕ್ಕಿಂತ ಮಾಡಿಸುವುದು ಮೇಲು. ಚಿತ್ರದ ಆರಂಭದ ಕಡೆ ಒಂದು ತರಗತಿಯ ದೃಶ್ಯವಿದೆ. ಮೇಷ್ಟ್ರುಗಳು ಒಬ್ಬರಾದ ಮೇಲೊಬ್ಬರು ಯುದ್ಧ, ಹವಾಮಾನ, ಸರ್ವನಾಶ ಎಂದು ಪಾಠ ಮಾಡುತ್ತಾರೆ. ಕೇಸಿ ಕೈ ಎತ್ತಿಯೇ ಇರುತ್ತಾಳೆ. ಕೊನೆಗೆ ಕೇಳುವುದು ಇಷ್ಟೇ: ಸರಿಮಾಡಲು ಆಗುತ್ತದಾ? ಅಲ್ಲೇ ನಿಲ್ಲಿಸಿ, ಮಕ್ಕಳ ಕೈಗೆ ಒಂದು ಕೆಲಸ ಕೊಡಿ. ಕೊಡಗಿನಲ್ಲಿ ಹೇಗೂ ತೋಟದ ಮನೆಗಳಲ್ಲಿ ಮಳೆ ಅಳೆದು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುವ ಪದ್ಧತಿ ಇದೆ. ಮಕ್ಕಳು ತಮ್ಮ ಮನೆಯಿಂದ, ಅಪ್ಪ ಅಮ್ಮ ಕೆಲಸ ಮಾಡುವ ತೋಟದಿಂದ ಕಳೆದ ವಾರದ ಲೆಕ್ಕ ತರಲಿ. ಒಂದು ಇಂಚು 25.4 ಮಿಲಿಮೀಟರ್, ಒಂದು ಸೆಂಟು ಅದರ ನೂರನೇ ಒಂದು ಭಾಗ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ಆದರೆ ಭಾರಿ ಮಳೆ, 115.6 ಆದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ತೋಟದ ಭಾಷೆಗೆ ತಿರುಗಿಸಿದರೆ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಲೆಕ್ಕದ ಪುಸ್ತಕ ಇಲ್ಲದ ಮನೆಯ ಮಗು ನೆಟ್ಟಗಿನ ಗೋಡೆಯ ಡಬ್ಬವೊಂದನ್ನು ಮರ, ಮಾಡು ಇಲ್ಲದ ಬಯಲಲ್ಲಿಟ್ಟು, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲಿನಲ್ಲಿ ನೀರಿನ ಎತ್ತರ ಅಳೆದರೆ ಸಾಕು. ಬಾಯಿ ಅಗಲ, ಬುಡ ಕಿರಿದಾದ ಬಕೆಟ್ ಬೇಡ, ಲೆಕ್ಕ ತಪ್ಪುತ್ತದೆ. ‘ನಮ್ಮ ಊರೂ ಹೋಗ್ತದಾ’ ಎಂದು ಕೇಳಿದ ಮಗು ‘ನಿನ್ನೆ ನಮ್ಮಲ್ಲಿ ಮೂರು ಇಂಚು ಹತ್ತು ಸೆಂಟು’ ಎಂದು ಹೇಳುವ ಹಾಗಾದರೆ, ಹೆದರಿಕೆಯ ಪಕ್ಕದಲ್ಲಿ ಒಂದು ಅಳತೆಗೋಲೂ ಇದ್ದ ಹಾಗೆ.

ಇನ್ನೊಂದು ಆಕ್ಷೇಪವೂ ನಿಮ್ಮ ತರಗತಿಗೆ ಮುಖ್ಯ. ಚಿತ್ರದಲ್ಲಿ ಪಿನ್ನು ಸಿಗುವುದು ಆರಿಸಿದವರಿಗೆ ಮಾತ್ರ. ‘ಜಗತ್ತನ್ನು ಉಳಿಸುವವರು ಕೆಲವೇ ಬುದ್ಧಿವಂತರು, ಉಳಿದವರು ನೋಡುತ್ತಿದ್ದರಾಯಿತೇ?’ ಎಂದು ಕೇಳಿದವರಿದ್ದಾರೆ. ಕೊನೆಯಲ್ಲಿ ಪಿನ್ನು ಜಗತ್ತಿನ ನಾನಾ ಕಡೆಯ ನಾನಾ ಕಸುಬಿನವರಿಗೆ ಹೋಗುತ್ತದೆ, ಆದರೂ ಆರಿಸುವ ಕೈ ಬೇರೆಯವರದ್ದೇ. ಲೈನ್‌ಮನೆಯ ಹುಡುಗಿ ‘ಅದು ಫಸ್ಟ್ ಬೆಂಚಿನವರಿಗೆ’ ಎಂದು ಅಂದುಕೊಳ್ಳುವುದು ಸುಲಭ. ಹಾಗಾಗಿ ಚಿತ್ರದ ನಂತರ ರಟ್ಟಿನ ಬ್ಯಾಡ್ಜ್ ಮಾಡಿಸಿ ಚೆನ್ನಾಗಿ ಉತ್ತರಿಸಿದವರಿಗೆ ಹಂಚುವ ಯೋಚನೆ ಬಂದರೆ ದಯವಿಟ್ಟು ಬಿಡಿ. ಮಾಡಿದರೆ ಅರವತ್ತು ಮಾಡಿ.

ವಯಸ್ಸಿನ ವಿಷಯ. ರೋಬೋಟುಗಳು ಪೊಲೀಸರನ್ನು ಕಣ್ಣೆದುರೇ ಆವಿ ಮಾಡುತ್ತವೆ. ಆಟಿಕೆ ಅಂಗಡಿಯಲ್ಲಿ ದೊಡ್ಡ ಹೊಡೆದಾಟವಿದೆ. ಹುಡುಗಿಯ ರೂಪದ ಅಥೀನಾಗೆ ವಾಹನ ಗುದ್ದುತ್ತದೆ, ಅವಳು ರೋಬೋಟ್ ಎಂದು ಗೊತ್ತಾದರೂ ನೋಡುವ ಕ್ಷಣಕ್ಕೆ ಎದೆ ಝಲ್ಲೆನ್ನುತ್ತದೆ. ರಕ್ತ ಹರಿಯುವುದಿಲ್ಲ. 8ನೇ ತರಗತಿಯಿಂದ ಮೇಲೆ ತೊಂದರೆಯಿಲ್ಲ, ಪಕ್ಕದ ಪ್ರಾಥಮಿಕ ಶಾಲೆಯ ಚಿಕ್ಕವರನ್ನು ಸೇರಿಸಬೇಡಿ. ನಡುವಯಸ್ಸಿನ ಫ್ರಾಂಕ್‌ಗೆ ಇನ್ನೂ ಹುಡುಗಿಯಂತೆಯೇ ಇರುವ ಅಥೀನಾ ಮೇಲಿನ ಹಳೆಯ ಮಮತೆ ಹತ್ತನೆಯವರಲ್ಲಿ ಕಿಸಕ್ಕನೆ ನಗು ತರಿಸಬಹುದು. ಅವನು ಹುಡುಗನಾಗಿದ್ದಾಗಿನ ಸ್ನೇಹ ಅದು ಎಂದು ಒಂದು ಮಾತು ಮೊದಲೇ ಹೇಳಿದರೆ ಸಾಕು.

ಈಗ ನಿಮ್ಮ ಮುಂದಿರುವ ದಾರಿಗಳು. ನನ್ನ ಸಲಹೆ, ಪೂರ್ತಿ ತೋರಿಸಿ, ಆದರೆ ಎರಡು ದಿನ. ಚಿತ್ರ 130 ನಿಮಿಷದ್ದು. ಫ್ರಾಂಕ್‌ನ ಮನೆಗೆ ರೋಬೋಟುಗಳು ನುಗ್ಗಿ, ಅವನೂ ಕೇಸಿಯೂ ಸ್ನಾನದ ತೊಟ್ಟಿಯಲ್ಲಿ ಕೂತು ಮನೆಯಿಂದ ಚಿಮ್ಮಿ ಪಾರಾಗುವ ದೃಶ್ಯಕ್ಕೆ ಮೊದಲ ದಿನ ನಿಲ್ಲಿಸಿ. ನಗುತ್ತಾ ಮನೆಗೆ ಹೋಗುತ್ತಾರೆ, ಮರುದಿನ ಓಡಿ ಬರುತ್ತಾರೆ. ಭಾಷಣದ ಭಾಗ ಎರಡನೆಯ ದಿನ ಹೊಸ ಗಮನದಿಂದ ನೋಡಿಸಿಕೊಳ್ಳುತ್ತದೆ, ಒಂದೇ ಸಲ ಕೂತವರಿಗೆ ಅಷ್ಟು ಹೊತ್ತಿಗೆ ಸಾಕಾಗಿರುತ್ತದೆ. ಒಂದೇ ದಿನ ಸಿಕ್ಕರೆ ಪಿನ್ನಿನ ಶಕ್ತಿ ಮುಗಿಯುವವರೆಗೆ ತೋರಿಸಿ ಚರ್ಚೆ ಮಾಡಿ. ಕಥೆ ಅರ್ಧವಾಯಿತೆಂದು ಮಕ್ಕಳು ಗೊಣಗುತ್ತಾರೆ, ಅದಕ್ಕೆ ಸಿದ್ಧರಿರಿ. ಇಂಗ್ಲಿಷ್ ಮಾತು ಹಿಡಿಯುವುದು ಬಹಳ ಕಷ್ಟವೆನಿಸಿದರೆ ಬೇರೆ ಚಿತ್ರ ಆರಿಸಿ. ಮೊದಲ ಭಾಗದಲ್ಲಿ ಮಾತೇ ಕಡಿಮೆ ಇರುವ ‘ವಾಲ್-ಇ’ ಆಗಬಹುದು, ಇಲ್ಲವೇ ಸುಮಾರು ಒಂದೂವರೆ ಗಂಟೆಯ ‘ದಿ ಐರನ್ ಜೈಂಟ್’. ಇವುಗಳಲ್ಲಿ ಭಾಷಣವಿಲ್ಲ, ಆದರೆ ‘ಸರಿಮಾಡಲು ಆಗುತ್ತದಾ’ ಎಂಬ ನೇರ ಪ್ರಶ್ನೆಯೂ ಇಲ್ಲ. ಯಾವುದನ್ನೇ ತೋರಿಸಿದರೂ ಭಾಷೆಗಳ ಪಟ್ಟಿಯಲ್ಲಿ ಯಾವ ಧ್ವನಿ, ಯಾವ ಸಬ್‌ಟೈಟಲ್ ಇದೆ ಎಂದು ಮೊದಲು ನೋಡಿ. ಪಾತ್ರಗಳ ಹೆಸರು, ಯಾರು ಯಾರ ಕಡೆ ಎಂದು ಕನ್ನಡದಲ್ಲಿ ಒಂದು ಪುಟ ಬರೆದು ಹಂಚಿ.

ಸಭಾಂಗಣದ ಮಾಡು ಶೀಟಿನದ್ದಾದರೆ ಜುಲೈ ಮಳೆಗೆ ಮಾತು ಕೇಳಿಸುವುದಿಲ್ಲ. ಒಂದು ದೊಡ್ಡ ಸ್ಪೀಕರಿನ ಸದ್ದು ಏರಿಸಿದರೆ ಮುಂದಿನವರ ಕಿವಿ ಗುಂಯ್ಗುಡುತ್ತದೆ, ಹಿಂದಿನವರಿಗೆ ಬರೀ ಗದ್ದಲ. ಅದರ ಬದಲು ನಾಲ್ಕು ಚಿಕ್ಕ ಸ್ಪೀಕರುಗಳನ್ನು ಎರಡೂ ಬದಿಯ ಗೋಡೆಗೆ, ಕೂತ ಮಕ್ಕಳ ಕಿವಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇಡಿ. ತಾರಸಿಯ ಕೋಣೆ ಯಾವುದಾದರೂ ಇದ್ದರೆ, ಇಕ್ಕಟ್ಟಾದರೂ ಅದೇ ವಾಸಿ. ಈ ಚಿತ್ರದ ಚೌಕಟ್ಟು ಮಾಮೂಲಿಗಿಂತ ಅಗಲ, 2.20ಕ್ಕೆ 1. ಪರದೆಯಲ್ಲಿ ಚಿತ್ರ 8 ಅಡಿ ಅಗಲ ಬಿದ್ದರೆ ಎತ್ತರ ಸುಮಾರು 3 ಅಡಿ 8 ಇಂಚು ಮಾತ್ರ. ಅಕ್ಷರ ಓದಬೇಕಾದ ಕಡೆ ಕೊನೆಯ ಸಾಲು ಎತ್ತರದ ಆರು ಪಟ್ಟಿಗಿಂತ ದೂರ ಇರಬಾರದು, ಅಂದರೆ 22 ಅಡಿಯೊಳಗೆ 60 ಮಕ್ಕಳು ಕೂರಬೇಕು. ಕುರ್ಚಿ ತೆಗೆಸಿ, ಜಮಖಾನೆ ಹಾಸಿ. ಪರದೆಯ ಕೆಳ ಅಂಚು ನೆಲದಿಂದ ನಾಲ್ಕು ಅಡಿ ಇರಲಿ, ಇಲ್ಲವಾದರೆ ಸಬ್‌ಟೈಟಲ್ ಮುಂದಿನವರ ತಲೆಯ ಹಿಂದೆ ಅಡಗುತ್ತದೆ.

ಕರೆಂಟು ನಂಬಬೇಡಿ. ಪ್ರೊಜೆಕ್ಟರ್ 280 ವಾಟ್, ಸ್ಪೀಕರುಗಳು 100, ಲ್ಯಾಪ್‌ಟಾಪ್ 60 ಎಂದಿಟ್ಟುಕೊಂಡರೆ ಒಟ್ಟು 440 ವಾಟ್. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್-ಅವರ್ ಇರುತ್ತದೆ, ಹಳೆಯದಾದರೆ ನೆಚ್ಚಿಕೊಳ್ಳಬಹುದಾದದ್ದು ಅರ್ಧ. ಎರಡು ಗಂಟೆ ಬರುತ್ತದೆ, ಚಿತ್ರ ಅದಕ್ಕಿಂತ ಹತ್ತು ನಿಮಿಷ ಉದ್ದ! ಎರಡು ದಿನ ಮಾಡಿ ಎಂದದ್ದಕ್ಕೆ ಇದೂ ಒಂದು ಕಾರಣ. ಇನ್ವರ್ಟರ್ ಸೈನ್ ವೇವ್ ಆಗಿರಲಿ, ಸ್ಕ್ವೇರ್ ವೇವ್ ಆದರೆ ಸ್ಪೀಕರು ಗುಂಯ್ ಎನ್ನುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರಿಗೆ ಕರೆಂಟು ಫಕ್ಕನೆ ಹೋದರೆ ಫ್ಯಾನೂ ನಿಂತು ಲ್ಯಾಂಪ್ ಕಾದೇ ಉಳಿಯುತ್ತದೆ, ಬೇಗ ಹಾಳಾಗುತ್ತದೆ. ತಂಪಿನಲ್ಲಿ ಬಹಳ ದಿನ ಪೆಟ್ಟಿಗೆಯಲ್ಲಿದ್ದ ಪ್ರೊಜೆಕ್ಟರನ್ನು 20 ನಿಮಿಷ ಮೊದಲೇ ಹಚ್ಚಿ, ಲೆನ್ಸಿನ ಮಂಜು ಆರಲಿ. ಬಟ್ಟೆಯ ಪರದೆಯಲ್ಲಿ ಬೂಷ್ಟಿನ ಚುಕ್ಕೆ ಬಿದ್ದಿದೆಯೇ ಎಂದು ಹಿಂದಿನ ದಿನವೇ ಬಿಡಿಸಿ ನೋಡಿ. ಸುಣ್ಣ ಹೊಡೆದ ಬಿಳಿ ಗೋಡೆ ಇದ್ದರೆ ಅದೇ ಸಾಕು.

ಹಕ್ಕಿನ ವಿಷಯ ಮರೆಯಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಶಾಲೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಲು ಅವಕಾಶ ಕೊಡುತ್ತದೆ, ಆದರೆ ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಊರಿನವರನ್ನೆಲ್ಲ ಕರೆದರೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಮನೆಯ ಒಟಿಟಿ ಚಂದಾ ಸಾಮಾನ್ಯವಾಗಿ ಸ್ವಂತ ಬಳಕೆಗೆ ಎಂಬ ಷರತ್ತಿನ ಮೇಲೆ ಕೊಟ್ಟದ್ದು, ಅದಕ್ಕಿಂತ ಅಸಲಿ ಡಿಸ್ಕ್ ಒಳ್ಳೆಯದು. ಮಳೆಗೆ ಇಂಟರ್ನೆಟ್ ಕೈಕೊಟ್ಟರೂ ಅದು ನಿಲ್ಲುವುದಿಲ್ಲ.

ಸಹೋದ್ಯೋಗಿಯವರಿಗೆ ಮೇಲಿನ 6 ಮತ್ತು 6.5ರ ಲೆಕ್ಕ ತೋರಿಸಿ, ಹಿಂದಿನ ದಿನದ ಪರೀಕ್ಷಾ ಪ್ರದರ್ಶನಕ್ಕೂ ಕರೆಯಿರಿ. ಅವರ ಆಕ್ಷೇಪ ಪೂರ್ತಿ ಸುಳ್ಳಲ್ಲದ ಕಾರಣ, ನಿಕ್ಸ್‌ನ ಭಾಷಣದ ನಂತರ ನಿಲ್ಲಿಸಿ ಮಕ್ಕಳೊಂದಿಗೆ ಮಾತಾಡುವ ಕೆಲಸವನ್ನು ಅವರಿಗೇ ವಹಿಸಬಹುದು. ಎರಡನೆಯ ದಿನದ ಹೊತ್ತನ್ನು ಮಾತ್ರ ಬಸ್ಸಿನ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ: ಉಳಿದ ಚಿತ್ರ, ಚರ್ಚೆಗೆ 30 ನಿಮಿಷ, ಕರೆಂಟು ಹೋದರೆ ಮತ್ತೆ ಹಚ್ಚಲು 15 ನಿಮಿಷ. ಕೊನೆಯ ಭಾಗದಲ್ಲಿ ಅಥೀನಾ ತನ್ನನ್ನೇ ಕೊಟ್ಟುಕೊಳ್ಳುವ ದೃಶ್ಯವಿದೆ. ಆ ಹೊತ್ತಿಗೆ ಗಂಟೆ ಬಾರಿಸಿ, ಮಕ್ಕಳು ಕೊಡೆ ಹುಡುಕುತ್ತಾ ಬಸ್ಸಿಗೆ ಓಡುವ ಹಾಗೆ ಆಗಬಾರದು.